ಅನ್ನಪೂರ್ಣ ಸರ್ಕ್ಯೂಟ್‌ಗೆ ಒಬ್ಬಳೇ ಹೊರಟಿದ್ದೇನೆ, ದಾರಿಯಲ್ಲಿ ಸಿಕ್ಕವರನ್ನು ನಂಬಬಹುದಾ?

ಪ್ರಶ್ನೆ, ದಾವಣಗೆರೆಯಿಂದ: ಅಕ್ಟೋಬರ್‌ನಲ್ಲಿ ನೇಪಾಳಕ್ಕೆ ಹೋಗುತ್ತಿದ್ದೇನೆ. ಅನ್ನಪೂರ್ಣ ಪರ್ವತಗಳನ್ನು ಸುತ್ತಿ ನಡೆಯುವ ಈ ದಾರಿಯಲ್ಲಿ ಥೊರೊಂಗ್ ಲಾ ಎಂಬ ಎತ್ತರದ ಪಾಸ್ (ಬೆಟ್ಟಗಳ ನಡುವಿನ ದಾರಿ) ದಾಟಿ ಮುಕ್ತಿನಾಥಕ್ಕೆ ಇಳಿಯುವ ಆಸೆ. ದೇಶದ ಹೊರಗೆ ಇದೇ ಮೊದಲು. ಅಲ್ಲಿ ಸಿಕ್ಕವರ ಜೊತೆ ಸೇರಿ ನಡೆದವರು, ರೂಮು ಹಂಚಿಕೊಂಡವರು ಇದ್ದರೆ ಅನುಭವ ಹೇಳಿ.

ಧಾರವಾಡದವರು: ದುಡ್ಡಿನ ವಿಷಯದಲ್ಲಿ ಯಾರನ್ನೂ ನಂಬಬೇಡಿ. ದಾರಿಯ ಬುಡದ ಊರು ಬೇಸಿಸಹರ್‌ನಲ್ಲಿ ಮೇಲಕ್ಕೆ ಹೋಗಲು ಇಡೀ ಜೀಪಿಗೆ 22,000 ಕೇಳಿದರು. ಒಬ್ಬನೇ ಎಲ್ಲಿಂದ ಕೊಡಲಿ? ಚೀಲ ಹೊತ್ತು ನಿಂತಿದ್ದವರನ್ನೆಲ್ಲ ಕೇಳಿ ಜನ ಕೂಡಿಸಿದೆ. ಅದರಲ್ಲೊಬ್ಬ ಯುರೋಪಿನವನು, ಒಳ್ಳೆ ಮಾತುಗಾರ. ಪಾಸ್‌ಗೆ ಮುಂಚೆ ಸಿಗುವ ಊರು ಮನಾಂಗ್‌ನಲ್ಲಿ ಅವನ ಕಾರ್ಡ್ ನಡೆಯಲಿಲ್ಲ. ಅಲ್ಲಿಂದ ಅವನ ರೂಮು, ಊಟ, ಬಿಸಿನೀರು, ಕೊನೆಗೆ ಫೋನ್ ಚಾರ್ಜಿನ 300 ಕೂಡ ನಾನೇ ಕೊಟ್ಟೆ. ಒಟ್ಟು 18,000. ಪೋಖರಾದಲ್ಲಿ ಕೊಡುತ್ತೇನೆ ಎಂದವನು ಜೊಮ್‌ಸೊಮ್‌ನಲ್ಲಿ ಬೆಳಗಿನ ವಿಮಾನ ಹತ್ತಿ ಹೋದ. ವಿಮಾನಕ್ಕೆ ದುಡ್ಡು ಎಲ್ಲಿಂದ ಬಂತು? ನಾನು ಧೂಳು ಕುಡಿಯುತ್ತಾ ಬಸ್ಸಿನಲ್ಲಿ ಬಂದೆ.

ಮೈಸೂರಿನವಳು: ಒಬ್ಬ ಮೋಸ ಮಾಡಿದ ಅಂತ ಎಲ್ಲರೂ ಹಾಗೇನಾ ಸರ್? ಮನಾಂಗ್‌ನ ಆಸ್ಪತ್ರೆಯಲ್ಲಿ ಎತ್ತರದ ಕಾಯಿಲೆ ಬಗ್ಗೆ ಡಾಕ್ಟರು ಮಾತಾಡುತ್ತಾರೆ. ಅಲ್ಲಿ ಕೊರಿಯಾದ ಇಬ್ಬರು ಹೆಂಗಸರು ಪರಿಚಯವಾದರು. ಭಾಷೆ ಬರದು, ಫೋನಿನಲ್ಲಿ ಬರೆದು ತೋರಿಸುತ್ತಿದ್ದರು. ಪಾಸ್‌ನ ಕೆಳಗಿನ ಕೊನೆಯ ತಂಗುದಾಣ ಹೈ ಕ್ಯಾಂಪಿನಲ್ಲಿ ರಾತ್ರಿ ನನಗೆ ತಲೆನೋವು, ವಾಂತಿ. ಅವರೇ ನನ್ನ ಚೀಲ ಹೊತ್ತು, ಟಾರ್ಚ್ ಹಿಡಿದು ಅದರ ಕೆಳಗಿನ ತಂಗುದಾಣ ಫೇದಿಗೆ ಇಳಿಸಿದರು. ನನಗೋಸ್ಕರ ಅವರ ಲೆಕ್ಕಾಚಾರವೆಲ್ಲ ತಪ್ಪಿತು. ಒಂದು ಮಾತು ಆಡಲಿಲ್ಲ. ನಾನು ಸುಧಾರಿಸಿದ ಮೇಲೆ ಒಟ್ಟಿಗೇ ಪಾಸ್ ದಾಟಿದೆವು. ಒಡಹುಟ್ಟಿದವರೂ ಅಷ್ಟು ಮಾಡುವುದಿಲ್ಲ.

ಬೆಂಗಳೂರಿನವರು: ಮೇಡಂ, ಅಂಥವರ ಜೊತೆ ಅವರ ವೇಗಕ್ಕೆ ನಡೆದರೆ ಹೀಗೇ ಆಗುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಥೊರೊಂಗ್ ಲಾ 5,416 ಮೀಟರ್. ನಾನು ದಿನಕ್ಕೆ 3,500 ಕೊಟ್ಟು ಗೈಡ್ ಇಟ್ಟುಕೊಂಡೆ, ಒಂದು ಪೈಸೆಯೂ ದಂಡ ಅನ್ನಿಸಲಿಲ್ಲ. 2023ರ ಏಪ್ರಿಲ್‌ನಿಂದ ವಿದೇಶಿಯರಿಗೆ ಗೈಡ್ ಕಡ್ಡಾಯ ಎಂದು ನಿಯಮವೇ ಬಂದಿದೆ. 2014ರ ಅಕ್ಟೋಬರ್ ನೆನಪಿಲ್ವಾ? ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದ ಎರಡೇ ದಿನಕ್ಕೆ ಆ ಕಡೆ ಹಿಮ ಸುರಿದು 40ಕ್ಕೂ ಹೆಚ್ಚು ಜನ ಹೋದರು.

ಮೈಸೂರಿನವಳು: ಆಗ ಸತ್ತವರಲ್ಲಿ ಗೈಡ್‌ಗಳೂ ಇದ್ದರು. ಅದನ್ನೂ ಬರೆಯಿರಿ. ನಾನು ಯಾರ ವೇಗಕ್ಕೂ ನಡೆಯಲಿಲ್ಲ. ಮನಾಂಗ್‌ನಲ್ಲಿ ಒಂದು ದಿನ ಹೆಚ್ಚಿಗೇ ನಿಂತಿದ್ದೆ. ನೋಡದೆ ತೀರ್ಪು ಕೊಡಬೇಡಿ.

ಉಡುಪಿಯವರು: ಧಾರವಾಡದವರೇ, ಆ 18,000 ಐಸಿನಾ (ನಮ್ಮ ರೂಪಾಯಿ) ಎನ್‌ಸಿನಾ (ನೇಪಾಳದ ರೂಪಾಯಿ)? ಎನ್‌ಸಿ ಲೆಕ್ಕ ಹೇಳಿ ಹೊಸಬರನ್ನು ಸುಮ್ನೆ ಹೆದರಿಸಬೇಡಿ. ಅನ್ನಪೂರ್ಣ ಪ್ರದೇಶದ ಪರ್ಮಿಟ್ಟೂ ಬೇರೆ ವಿದೇಶಿಯರಿಗೆ 3,000, ನಮಗೆ ಸಾರ್ಕ್ ದೇಶದವರ ಲೆಕ್ಕದಲ್ಲಿ 1,000, ಅದೂ ಎನ್‌ಸಿ. ಊಟ ಅಲ್ಲೇ ಮಾಡಿದರೆ ಎಷ್ಟೋ ಕಡೆ ರೂಮಿಗೆ ಏನೂ ಕೇಳಲಿಲ್ಲ. ದಾಲ್ ಭಾತ್ ಎರಡನೇ ಸಲ ಬಡಿಸುತ್ತಾರೆ.

ಧಾರವಾಡದವರು: ಎನ್‌ಸಿನೇ. ನಮ್ಮ ರೂಪಾಯಿಯಲ್ಲಿ 11,250. ಅದು ನಿಮಗೆ ಸಣ್ಣದಾ? ನನಗಲ್ಲ. ನೀವು ಹೇಳುವ ದಾಲ್ ಭಾತ್ ಫೇದಿಯಲ್ಲಿ 900 ಇತ್ತು.

ಉಡುಪಿಯವರು: ಸಾಲ ಕೊಡು ಅಂತ ನೇಪಾಳದವರು ಹೇಳಿದರಾ?

ಧಾರವಾಡದವರು: ಮೂಗಿನ ತುದಿಗೆ ಚಳಿ ಹಿಡಿದು ಕೂತವನನ್ನು ಉಪವಾಸ ಬಿಡಬೇಕಿತ್ತಾ? ನಿಮ್ಮ ಕೈಯಲ್ಲಿ ಆಗುತ್ತಿತ್ತಾ ಹೇಳಿ.

ಪ್ರಶ್ನೆ ಕೇಳಿದವಳು: ರೂಮು ಹಂಚಿಕೊಳ್ಳುವ ವಿಷಯ ಯಾರೂ ಹೇಳಲಿಲ್ಲ.

ಮೈಸೂರಿನವಳು: ಅಕ್ಟೋಬರ್‌ನಲ್ಲಿ ಫೇದಿ ತುಂಬಿ ತುಳುಕುತ್ತದೆ. ಒಬ್ಬಳಿಗೆ ಬೇರೆ ರೂಮು ಕೊಡುವುದು ಕಷ್ಟ. ಕೆಳಗೆ ಮನಾಂಗ್‌ನಲ್ಲೇ ಹೆಂಗಸರು ಯಾರಿದ್ದಾರೆ ನೋಡಿ ಮಾತಾಡಿಸಿಟ್ಟುಕೋ ತಂಗಿ.

ಧಾರವಾಡದವರು: ಹಂಚಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಲಾಡ್ಜಿನವರು ರೂಮಿಗೊಂದು ಪುಸ್ತಕ ಇಡುತ್ತಾರೆ, ಚಹಾ ಕುಡಿದರೂ ಅದರಲ್ಲೇ ಬರೆಯುತ್ತಾರೆ. ಮೊದಲೇ ನಿಮ್ಮ ಹೆಸರಿಗೆ ಬೇರೆ ಹಾಳೆ ಹಾಕಿಸಿ.