ಪದಚರ್ಚೆ: ಬಂದರಿನ ‘ಗುತ್ತಿಗೆ’ ಎಷ್ಟು ಬಗೆ? ಡ್ರೆಜಿಂಗ್ ಎಲ್ಲವೂ ಹೂಳೆತ್ತುವುದೇ?

ಪ್ರಶ್ನೆ: ಕೊಲಂಬೊ ಬಂದರಿನ ವಿಸ್ತರಣೆಯಲ್ಲಿ ಕೊರಿಯಾ, ಚೀನಾ, ಭಾರತ ಮೂರೂ ದೇಶದ ಕಂಪನಿಗಳಿವೆ. ಎಲ್ಲರಿಗೂ ‘ಗುತ್ತಿಗೆ ಸಿಕ್ಕಿತು’ ಎಂದು ಬರೆದರೆ ಸರಿಯೇ? ಕನ್ಸೆಷನ್ ಅಗ್ರಿಮೆಂಟಿಗೆ ‘ರಿಯಾಯಿತಿ ಒಪ್ಪಂದ’ ಆಗುತ್ತದೆಯೇ? ನೀರಿನ ತಳ ತೆಗೆದು ಆಳ ಮಾಡುವ ಡ್ರೆಜಿಂಗಿಗೆ ‘ಹೂಳೆತ್ತುವಿಕೆ’ ಸಾಕೇ?

ಉತ್ತರ: ‘ರಿಯಾಯಿತಿ ಒಪ್ಪಂದ’ವನ್ನು ದಯವಿಟ್ಟು ಕೈಬಿಡಿ. ರಿಯಾಯಿತಿ ಎಂದರೆ ನಮಗೆ ಬೆಲೆಯಲ್ಲಿ ಕಡಿತ. ಓದುಗರು ಬಂದರನ್ನು ಅಗ್ಗಕ್ಕೆ ಕೊಟ್ಟರು ಎಂದೇ ತಿಳಿಯುತ್ತಾರೆ. ಇಲ್ಲಿ ಕೊಡುವುದು ಒಂದು ಹಕ್ಕು: ಸ್ವಂತ ದುಡ್ಡಿನಲ್ಲಿ ಟರ್ಮಿನಲ್ ಕಟ್ಟಿ, ಇಷ್ಟು ವರ್ಷ ನಡೆಸಿ, ಸಂಪಾದಿಸಿ, ಕೊನೆಗೆ ಒಪ್ಪಿಸಿ ಹೋಗುವ ಹಕ್ಕು. ‘ನಿರ್ವಹಣಾ ಹಕ್ಕಿನ ಕರಾರು’ ಎನ್ನಬಹುದು.

ಕೊಲಂಬೊದ ದಕ್ಷಿಣ ಬಂದರನ್ನೇ ನೋಡಿ. 2008ರಿಂದ 2012ರ ನಡುವೆ ಅಲೆತಡೆಗೋಡೆ ಕಟ್ಟಿದ್ದು ಕೊರಿಯಾದ ಹ್ಯುಂಡೈ ಎಂಜಿನಿಯರಿಂಗ್ ಅಂಡ್ ಕನ್‌ಸ್ಟ್ರಕ್ಷನ್. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ 30 ಕೋಟಿ ಡಾಲರ್ ಸಾಲ ಅದಕ್ಕಿತ್ತು. ಕೆಲಸ ಮುಗಿಸಿ, ಬಿಲ್ ಪಡೆದು ಹೋಗುವವರು ಇವರು. ನಾಳೆ ಹಡಗು ಬರಲಿ ಬಿಡಲಿ, ನಷ್ಟ ಅವರದಲ್ಲ. ಇದು ‘ಕಾಮಗಾರಿ ಗುತ್ತಿಗೆ’. 2013ರಲ್ಲಿ ಶುರುವಾದ ದಕ್ಷಿಣ ಟರ್ಮಿನಲ್‌ನಲ್ಲಿ ಚೀನಾ ಮರ್ಚಂಟ್ಸ್ ಪಾಲು ಶೇ. 85, ಶ್ರೀಲಂಕಾ ಬಂದರು ಪ್ರಾಧಿಕಾರದ್ದು ಶೇ. 15, ಅವಧಿ 35 ವರ್ಷ. ಪಶ್ಚಿಮ ಟರ್ಮಿನಲ್‌ನಲ್ಲಿ ಅದಾನಿ ಶೇ. 51, ಶ್ರೀಲಂಕಾದ ಜಾನ್ ಕೀಲ್ಸ್ ಕಂಪನಿ ಶೇ. 34, ಉಳಿದದ್ದು ಪ್ರಾಧಿಕಾರದ್ದು. ಇಲ್ಲಿ ಕಂಟೇನರ್ ಬಾರದಿದ್ದರೆ ಹೊಡೆತ ಬೀಳುವುದು ನಡೆಸುವವರಿಗೇ. ಇವರನ್ನು ‘ಗುತ್ತಿಗೆದಾರ’ ಎಂದರೆ ಯಾರ ದುಡ್ಡು, ಯಾರ ನಷ್ಟ ಎಂಬುದೇ ಮುಚ್ಚಿಹೋಗುತ್ತದೆ. ‘ನಿರ್ವಾಹಕ ಸಂಸ್ಥೆ’ ಎನ್ನಿ.

ಮೂರನೆಯದು ಲೀಸು. 2017ರಲ್ಲಿ ಶ್ರೀಲಂಕಾದ್ದೇ ಆದ ಹಂಬನತೋಟ ಬಂದರನ್ನು ಚೀನಾ ಮರ್ಚಂಟ್ಸ್‌ಗೆ ಕೊಟ್ಟದ್ದು 99 ವರ್ಷಕ್ಕೆ. ಗಣಿ ಗುತ್ತಿಗೆ ಎನ್ನುವ ರೂಢಿ ಇರುವುದರಿಂದ ‘99 ವರ್ಷದ ಗುತ್ತಿಗೆ’ ಒಪ್ಪುತ್ತದೆ, ಆದರೆ ವರ್ಷ ಬಿಡಬಾರದು. ‘ಭೋಗ್ಯ’ ಬೇಡ. ಮನೆ ಭೋಗ್ಯಕ್ಕೆ ಹಾಕಿಕೊಂಡವರಿಗೆ ಬಿಡುವಾಗ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ಬಂದರಿನ ಲೀಸಿನಲ್ಲಿ ಆ ಲೆಕ್ಕವಿಲ್ಲ.

ಡ್ರೆಜಿಂಗ್ ಮಾತು ಇನ್ನೂ ಮುಖ್ಯ. ಹೂಳು ಎಂದರೆ ಬಂದು ಕೂತ ಕೆಸರು, ಮರಳು. ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಮಳೆಗಾಲ ಕಳೆದ ಮೇಲೆ ಹಡಗು ಬರುವ ಕಾಲುವೆಯಿಂದ ತೆಗೆಯುವುದು ಇದನ್ನೇ. ಅದು ಸರಿಯಾಗಿ ‘ಹೂಳೆತ್ತುವುದು’. ಆದರೆ ಕ್ಯಾಪಿಟಲ್ ಡ್ರೆಜಿಂಗ್ ಎಂದರೆ ಎಂದೂ ಮುಟ್ಟದ ಕಡಲತಳವನ್ನು ಮೊದಲ ಬಾರಿ ಕಡಿಯುವುದು. ಅಲ್ಲಿ ಗಟ್ಟಿ ಜೇಡಿ ಇರಬಹುದು, ಮುರಕಲ್ಲಿರಬಹುದು, ಬಂಡೆಯೂ ಇರಬಹುದು. ‘ಬಂಡವಾಳ ಹೂಳೆತ್ತುವಿಕೆ’ ಎಂಬ ಅನುವಾದದಲ್ಲಿ ಬಂಡವಾಳವೂ ತಪ್ಪು, ಹೂಳೂ ತಪ್ಪು. ‘ಹೊಸದಾಗಿ ಕಡಲತಳ ಕಡಿದು ಆಳ ಮಾಡುವುದು’ ಎಂದು ಬಿಡಿಸಿ ಬರೆದರೆ ಉದ್ದವಾದರೂ ನಿಜ.

ಯಂತ್ರವೇ ಬೇರೆಯಾಗುತ್ತದೆ. ಹೂಳಿಗೆ ಬರುವ ಡ್ರೆಜರ್ ಸಾಗುತ್ತಲೇ ಕೊಳವೆಯನ್ನು ತಳದ ಮೇಲೆ ಎಳೆದು, ಕೆಸರುನೀರು ಹೀರಿ ತನ್ನ ಹೊಟ್ಟೆಗೆ ತುಂಬಿಕೊಂಡು, ದೂರ ಹೋಗಿ ಅಡಿಬಾಗಿಲು ತೆರೆದು ಸುರಿಯುತ್ತದೆ. ಗಟ್ಟಿ ತಳಕ್ಕೆ ಬೇಕಾದ ಕಟ್ಟರ್ ಡ್ರೆಜರ್ ಕಂಬ ಊರಿ ನಿಂತು, ಹಲ್ಲಿನ ಚಕ್ರದಿಂದ ಕೊರೆದು ಪೈಪಿನಲ್ಲಿ ದಡಕ್ಕೆ ದೂಡುತ್ತದೆ. ತಳ ಪರೀಕ್ಷಿಸಲು ಕೊರೆದ ಬೋರ್‌ಹೋಲ್ ಸಾಲದೆ, ಹೂಳಿನ ಡ್ರೆಜರೇ ಸಾಕೆಂದು ನಂಬಿ ದರ ಹಾಕಿದ ಕಂಪನಿ ಬಂಡೆ ಸಿಕ್ಕಾಗ ಕೈಚೆಲ್ಲುತ್ತದೆ, ಹೆಚ್ಚುವರಿ ಕೇಳುತ್ತದೆ, ವಿಷಯ ಮಧ್ಯಸ್ಥಿಕೆಗೆ ಹೋಗುತ್ತದೆ. ಪರಿಸರ ಸಾರ್ವಜನಿಕ ವಿಚಾರಣೆಗೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. ಅದರಲ್ಲಿ ಬರೀ ‘ಹೂಳೆತ್ತುವಿಕೆ’ ಎಂದಿದ್ದರೆ ಮೀನುಗಾರರು ವರ್ಷಂಪ್ರತಿಯ ಕೆಲಸವೆಂದು ಸುಮ್ಮನಿದ್ದುಬಿಡುತ್ತಾರೆ. ಅದು ಅವರಿಗೆ ಆಗುವ ಅನ್ಯಾಯ.

ಪ್ರಮಾಣ ಬರೆಯುವಾಗ ‘ಘನ ಮೀಟರ್’ ಜೊತೆಗೆ ‘ತಳದಲ್ಲಿದ್ದಂತೆ’ ಎಂದು ಸೇರಿಸಿ. ಎತ್ತಿದ ಮಣ್ಣು ನೀರು ಕುಡಿದು ಉಬ್ಬಿರುತ್ತದೆ, ಹಡಗಿನ ಹೊಟ್ಟೆಯ ಅಳತೆ ಹಿಡಿದರೆ ನೀರಿಗೂ ದುಡ್ಡು ಕೊಟ್ಟಂತೆ. ಅದಕ್ಕೇ ಕೆಲಸಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತಳದ ಸರ್ವೆ ಮಾಡಿ ವ್ಯತ್ಯಾಸಕ್ಕೆ ಬಿಲ್ ಮಾಡುವುದು.

ಇನ್ನೊಂದು ಉತ್ತರ: ಮೇಲಿನದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಕೊಲಂಬೊದ ದಕ್ಷಿಣ ಟರ್ಮಿನಲ್‌ಗೆ ಹೇಳುವ 18 ಮೀಟರ್ ಎಂಬುದು ನೀರಿನ ಆಳ. ಹಡಗಿನ ಡ್ರಾಫ್ಟ್ ಅಲ್ಲ. ಡ್ರಾಫ್ಟ್ ಎಂದರೆ ಹಡಗು ನೀರಿನೊಳಗೆ ಎಷ್ಟು ಇಳಿದಿದೆ ಎಂಬುದು, ‘ಮುಳುಗಾಳ’ ಎನ್ನಬಹುದು. ಹಡಗಿನ ಅಡಿಗೂ ತಳಕ್ಕೂ ನಡುವೆ ನೀರು ಉಳಿಯಲೇಬೇಕು, ಆದ್ದರಿಂದ ಮುಳುಗಾಳ ಯಾವಾಗಲೂ ಆಳಕ್ಕಿಂತ ಕಡಿಮೆ. ಹಡಗು ಕಟ್ಟಿ ನಿಲ್ಲಿಸುವ ಜಾಗವಾದ ಬರ್ತಿಗೆ ಕರಾವಳಿಯ ‘ಧಕ್ಕೆ’ ಚೆಂದದ ಪದ, ಆದರೆ ‘ಧಕ್ಕೆ ವಿಸ್ತರಣೆ’ ಎಂಬ ತಲೆಬರಹ ಘಟ್ಟದ ಮೇಲಿನವರಿಗೆ ಹಾನಿಯಂತೆ ಕೇಳುತ್ತದೆ. ರಾಜ್ಯವ್ಯಾಪಿ ಓದುಗರಿಗೆ ‘ಹಡಗುಕಟ್ಟೆ’ಯೇ ಲೇಸು.