ಈಜುಡುಗೆ ಬೇಡ, ಸ್ವೆಟರ್ ತನ್ನಿ

ತಮ್ಮಾ, ಡಿಸೆಂಬರ್ ರಜೆಗೆ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ನಮೀಬಿಯಾಕ್ಕೆ ಬರುತ್ತೇವೆ, ಮಕ್ಕಳಿಗೆ ಈಜುಡುಗೆ ಕೊಂಡಾಯಿತು, ಕರಾವಳಿಯನ್ನು ಒಂದೇ ದಿನದಲ್ಲಿ ಮುಗಿಸಿ ಕಾಡುಪ್ರಾಣಿಗಳ ಎಟೋಷಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಎಂದು ಬರೆದಿದ್ದೀಯಲ್ಲ, ಅದಕ್ಕೇ ಈ ಉದ್ದದ ಮಾತು. ಪೂರ್ತಿ ಕೇಳು.

ಅದು ನಮ್ಮ ಮಲ್ಪೆಯ ಕಡಲಲ್ಲ. ದಕ್ಷಿಣದಿಂದ ಬರುವ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ದಡದ ಪಕ್ಕದಲ್ಲೇ ಹರಿಯುತ್ತದೆ. ಕಾಲಿಟ್ಟರೆ ಮೂಳೆಯವರೆಗೆ ಚಳಿ ಏರುತ್ತದೆ. ಆ ತಣ್ಣೀರಿನ ದೆಸೆಯಿಂದ ಅಲ್ಲಿ ಮಳೆಯೂ ಇಲ್ಲ, ಬರೀ ಮಂಜು. ಡಿಸೆಂಬರ್ ಅಲ್ಲಿ ಬೇಸಿಗೆಯೇ. ಆದರೂ ಹೋದ ವರ್ಷ ಕಡಲತಡಿಯ ಸ್ವಾಕೋಪ್‌ಮುಂಡ್ ಊರಿನಲ್ಲಿ ನಮ್ಮತ್ತೆಯವರು ಬೆಳಿಗ್ಗೆ ಎರಡು ಶಾಲು ಹೊದ್ದು ಕುಳಿತಿದ್ದರು.

ಆ ಮಂಜನ್ನೇ ಕುಡಿದು ಬದುಕುವ ಜೀವಗಳನ್ನು ಮಕ್ಕಳು ನೋಡಬೇಕು. ಅಲ್ಲಿಂದ ಉತ್ತರಕ್ಕೆ, ಹೆಂಟೀಸ್ ಬೇ ಎಂಬ ಊರಿನ ಕಡೆಗೆ ಹೋಗುವಾಗ ಜಲ್ಲಿನೆಲದ ಮೇಲೆ ಸುಟ್ಟ ಕಾಗದದ ಚೂರುಗಳಂತೆ ಏನೋ ಬಿದ್ದಿತ್ತು. ಅತ್ತೆಯವರು ಬಗ್ಗಿ ನೋಡಿ, "ಇದು ಕಲ್ಲುಹೂವಲ್ಲವೇ?" ಎಂದರು. ನಿಜ, ಮಸಾಲೆ ಪುಡಿಗೆ ಹಾಕುತ್ತೇವಲ್ಲ, ಅದೇ ಬಳಗ. ಬಾಟಲಿಯ ಮುಚ್ಚಳದಿಂದ ನಾಲ್ಕು ಹನಿ ನೀರು ಬಿಟ್ಟರು. ನೋಡುತ್ತಿದ್ದಂತೆಯೇ ಮುದುಡಿದ್ದ ಅಂಚು ಬಿಚ್ಚಿಕೊಂಡು ಒಳಗಿನ ಹಸಿರು ಕಾಣಿಸಿತು. ನನ್ನ ಮಗಳು ಅಲ್ಲಿಂದ ಏಳಲೇ ಇಲ್ಲ. ಆದರೆ ಅದನ್ನು ತುಳಿಯಬಾರದು, ಗಾಡಿಯನ್ನು ರಸ್ತೆ ಬಿಟ್ಟು ಇಳಿಸಲೇಬಾರದು. ಒಮ್ಮೆ ಚಕ್ರ ಹಾದರೆ ಆ ಗುರುತು ಹತ್ತಾರು ವರ್ಷ ಅಳಿಯುವುದಿಲ್ಲ.

ಹೆಂಟೀಸ್ ಬೇ ಮುಟ್ಟುವ ಮೊದಲೇ ಎಡಕ್ಕೆ ಜೈಲಾ ಎಂಬ ಮೀನುಗಾರಿಕೆಯ ಹಡಗು ಕಡಲಲ್ಲಿ ವಾಲಿ ನಿಂತಿದೆ. ಗುಜರಿಗೆಂದು ಮುಂಬೈಗೆ ಎಳೆದುಕೊಂಡು ಹೊರಟಿದ್ದರಂತೆ. 2008ರಲ್ಲಿ ಹಗ್ಗ ಕಳಚಿ ಅಲ್ಲೇ ಉಳಿಯಿತು. ಈಗ ಅದರ ತುಂಬ ನೀರುಕಾಗೆಗಳು. ನಮ್ಮ ಕಡೆಗೆ ಹೊರಟ ಹಡಗು ಎಂದು ತಿಳಿದಾಗ ನನಗೆ ಏಕೋ ಕರುಳು ಚುರುಕ್ಕೆಂದಿತು.

ದಾರಿಯಲ್ಲಿ ಮೇಜಿನ ಮೇಲೆ ಉಪ್ಪಿನ ಹರಳುಗಳನ್ನು ಜೋಡಿಸಿಟ್ಟಿರುತ್ತಾರೆ, ಥೇಟ್ ಕಲ್ಲುಸಕ್ಕರೆ. ಮಾರುವವರು ಇರುವುದಿಲ್ಲ, ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. ಚಿಲ್ಲರೆ ಇಟ್ಟುಕೋ.

ಸ್ವಾಕೋಪ್‌ಮುಂಡ್‌ನಿಂದ ಸುಮಾರು 120 ಕಿಲೋಮೀಟರ್ ದೂರದ ಕೇಪ್ ಕ್ರಾಸ್‌ನಲ್ಲಿ ಸೀಲ್ ಎಂಬ ಕಡಲಪ್ರಾಣಿಗಳು ಸಾವಿರಗಟ್ಟಲೆ. ನೀವು ಬರುವ ಹೊತ್ತಿಗೆ ಮರಿಗಳೂ ಇರುತ್ತವೆ. ವಾಸನೆ ಮಾತ್ರ ವಿಪರೀತ. ಅಮ್ಮನ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಚ್ಚಿಕೊಡು.

ಗಾಡಿ ನಮ್ಮಲ್ಲಿಯಂತೆಯೇ ಎಡಗಡೆ, ಅದಕ್ಕೆ ಹೆದರಬೇಡ. ಆದರೆ ಉಪ್ಪುನೀರು ಹಾಕಿ ಗಟ್ಟಿ ಮಾಡಿದ ರಸ್ತೆ ಮಂಜಿಗೆ ಒದ್ದೆಯಾದರೆ ಎಣ್ಣೆ ಸವರಿದಂತೆ ಜಾರುತ್ತದೆ. ದೀಪ ಹಾಕಿಕೊಂಡು ನಿಧಾನವಾಗಿ ಹೋಗಬೇಕು. ಅದಕ್ಕೇ ಹೇಳುತ್ತಿದ್ದೇನೆ, ಎಟೋಷಾದಿಂದ ಎರಡು ದಿನ ಕಡಿಮೆ ಮಾಡಿ ಕರಾವಳಿಗೆ ಕೊಡು. ಹೊದಿಕೆ, ನೀರಿನ ಕ್ಯಾನು ವಿಂಡ್‌ಹುಕ್‌ನ ನಮ್ಮ ಮನೆಯಿಂದಲೇ ತೆಗೆದುಕೊಂಡು ಹೋಗೋಣ. ಅಮ್ಮನ ಉಣ್ಣೆಯ ಟೊಪ್ಪಿ ಅಲ್ಮೇರಾದ ಕೆಳಗಿನ ಅರೆಯಲ್ಲಿದೆ, ಅದನ್ನು ಮರೆಯದೆ ತಾ.