ತಮ್ಮನ ಮನೆಗೆ ನೀರು ಕೊಡದೆ ತಪಸ್ಸುಕಾಲ ಆಚರಿಸುವುದು ಹೇಗೆ?

ಅಘನಾಶಿನಿ ದಂಡೆಯವನು:

ನಮ್ಮದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆಯ ಊರು. ಮನೆಯ ಹಿಂದೆಯೇ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ. ಸಮುದ್ರದ ಭರತ ಏರಿದಾಗ ಉಪ್ಪುನೀರು ಬೇಲಿಯ ಬುಡದವರೆಗೂ ಬರುತ್ತದೆ. ಮಾರ್ಚ್ ಬಂತೆಂದರೆ ತಗ್ಗಿನ ಬಾವಿಗಳ ನೀರು ಬಾಯಿಗಿಡಲಾಗದು. ಅಪ್ಪ ತೋಡಿಸಿದ ಎರಡು ಬಾವಿಗಳಲ್ಲಿ ದಿಬ್ಬದ ಮೇಲಿನದು ನನ್ನ ಪಾಲಿಗೆ ಬಂತು, ತಗ್ಗಿನದು ತಮ್ಮನಿಗೆ. ಬೇಸಿಗೆಯಲ್ಲಿ ಅವರು ನಮ್ಮ ಬಾವಿಯಿಂದ ಸೇದಿಕೊಳ್ಳುವುದೆಂದು ಬಾಯಿಮಾತಿನಲ್ಲಿ ಒಪ್ಪಿದ್ದೆವು. ನಾಲ್ಕು ವರ್ಷ ಹಾಗೆಯೇ ನಡೆಯಿತು.

ಅಮ್ಮ ಹಾಸಿಗೆ ಹಿಡಿದಿದ್ದಾಗ ಗಡಿಯ ಮೇಲಿನ ಹಲಸಿನ ಮರವನ್ನು ಅವನು ನನ್ನನ್ನು ಕೇಳದೆ ಕಡಿಸಿ ಮಾರಿದ. ಅಮ್ಮ ತೀರಿಕೊಂಡ ಏಳನೇ ದಿನದ ಪೂಜೆ ಮುಗಿಸಿ ಬಂದಾಗ ಆ ಮಾತು ಬಂತು, ನೆಂಟರೆದುರು ಅವನನ್ನು ಕಳ್ಳ ಎಂದೆ. ಇನ್ನು ನಿನ್ನ ಅಂಗಳ ತುಳಿಯುವುದಿಲ್ಲ ಎಂದು ಹೋದ. ಐದು ವರ್ಷವಾಯಿತು.

ಈಗ ತಮ್ಮನ ಹೆಂಡತಿ ಸ್ಕೂಟರಿನಲ್ಲಿ ಎರಡು ನೀಲಿ ಕ್ಯಾನ್ ಇಟ್ಟುಕೊಂಡು ಹೆದ್ದಾರಿಯಾಚೆಯ ನಲ್ಲಿಯಿಂದ ನೀರು ತರುತ್ತಾಳೆ. ನಾನು ಹಲ್ಲುಜ್ಜುತ್ತ ನೋಡುತ್ತಿರುತ್ತೇನೆ. ಕಳೆದ ವಾರ ನಮ್ಮ ಗೇಟಿನೆದುರೇ ಒಂದು ಕ್ಯಾನಿನ ಮುಚ್ಚಳ ಕಿತ್ತುಬಂದು ನೀರೆಲ್ಲ ಚೆಲ್ಲಿತು. ಒಂದು ಗಳಿಗೆ ಒದ್ದೆ ಮಣ್ಣನ್ನೇ ನೋಡುತ್ತ ನಿಂತಳು. ಆಮೇಲೆ ಸ್ಕೂಟರ್ ತಿರುಗಿಸಿಕೊಂಡು ಮತ್ತೆ ನಲ್ಲಿಯತ್ತ ಹೋದಳು. ನನ್ನ ಬಾವಿ ಅಲ್ಲಿಂದ ಇಪ್ಪತ್ತು ಹೆಜ್ಜೆ. ನಾನು ಮನೆಯೊಳಗೆ ಹೋದೆ.

ರಾತ್ರಿ ಜಪಸರ ತಪ್ಪಿಸಿದವನಲ್ಲ. ಈ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲದಲ್ಲಿ, ಮೀನು ಬಿಟ್ಟಿದ್ದೇನೆ. ಕರಾವಳಿಯವನಿಗೆ ಮಾಂಸ ಬಿಡುವುದು ದೊಡ್ಡದಲ್ಲ, ಮೀನು ಬಿಡುವುದೇ ಕಷ್ಟ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಕಳೆದ ಶುಕ್ರವಾರ ಚರ್ಚಿನಲ್ಲಿ ಬೈಬಲ್ ವಾಚನ ಓದುವ ಸರದಿ ನನ್ನದಾಗಿತ್ತು. ಯೆಶಾಯನ 58ನೇ ಅಧ್ಯಾಯ. ದೇವರಿಗೆ ಮೆಚ್ಚುಗೆಯಾದ ಉಪವಾಸ ಯಾವುದೆಂದು ಅಲ್ಲಿ ಹೇಳಿದೆ: ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದು, ಬಟ್ಟೆಯಿಲ್ಲದವರಿಗೆ ಹೊದಿಸುವುದು, ಸ್ವಂತ ರಕ್ತಸಂಬಂಧಿಗೆ ಮುಖ ಮರೆಸಿಕೊಳ್ಳದಿರುವುದು. ಆ ಏಳನೇ ವಚನಕ್ಕೆ ಬಂದಾಗ ತಲೆ ಎತ್ತಿದೆ. ನಾಲ್ಕನೇ ಬೆಂಚಿನಲ್ಲಿ ತಮ್ಮ ಕುಳಿತಿದ್ದ. ಓದಿ ಮುಗಿಸಿದ್ದು ಹೇಗೋ ಗೊತ್ತಿಲ್ಲ. ಶಾಂತಿ ಕೋರುವ ಹೊತ್ತಿಗೆ ಎಲ್ಲರಿಗೂ ಕೈಮುಗಿದೆ, ಅವನತ್ತ ತಿರುಗಲಾಗಲಿಲ್ಲ. ಪರಮಪ್ರಸಾದದ ಸಾಲಿನಿಂದ ಹಿಂದಿರುಗಿ ಬಂದು ಕುಳಿತೆ.

ತಪ್ಪು ಅವನದೆಂದು ಇಂದಿಗೂ ನಂಬಿದ್ದೇನೆ. ಆದರೂ ಹೋದ ವರ್ಷ ಮಗನ ಕೈಯಲ್ಲಿ ಒಂದು ಕೊಡ ನೀರು ಕಳಿಸಿದ್ದೆ, ತುಂಬಿದ ಕೊಡವೇ ವಾಪಸ್ ಬಂತು. ಅವನು ಅಷ್ಟು ಸ್ವಾಭಿಮಾನಿ. ಊರಿಗೆಲ್ಲ ಪಂಪ್ ರಿಪೇರಿ ಮಾಡುವವನು ಅವನೇ. ನನ್ನ ಪಂಪ್ ಕೆಟ್ಟರೆ ಮಾತ್ರ ಕುಮಟಾದಿಂದ ಬೇರೆಯವರು ಬರಬೇಕು. ಈಗಲೂ ಕೆಟ್ಟು ಕುಳಿತಿದೆ. ನಾನೇನು ಮಾಡಲಿ? ಪ್ರಾರ್ಥಿಸಿ ಎಂದಷ್ಟೇ ಹೇಳಬೇಡಿ, ಅದನ್ನು ಮಾಡುತ್ತಲೇ ಇದ್ದೇನೆ.

ಹೊನ್ನಾವರದ ನಿವೃತ್ತ ಶಿಕ್ಷಕಿ:

ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದ 23, 24ನೇ ವಚನಗಳನ್ನು ನಿಧಾನವಾಗಿ ಓದಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗು ಎಂದು ಯೇಸುಸ್ವಾಮಿ ಹೇಳಿದ್ದು ನಿನಗೆ ಸೋದರನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಎಂದು. ಮರದ ಲೆಕ್ಕ ಅವನು ಕೊಡಲಿ. ತಾಯಿ ಸತ್ತ ವಾರದಲ್ಲಿ, ನೆಂಟರ ಮುಂದೆ, ಕಳ್ಳ ಎಂದದ್ದರ ಲೆಕ್ಕ ನಿಮ್ಮದು. ಅದನ್ನು ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿರಿ. ಓದುವಾಗ ನನಗೆ ಅಲ್ಲಿಯೇ ನೋವಾಯಿತು. ನಾನೂ ಅಕ್ಕನಿಗೆ ಅಂಥದೊಂದು ಮಾತು ಆಡಿದ್ದೆ. ಕ್ಷಮೆ ಕೇಳುವ ಮೊದಲೇ ಅವಳು ತೀರಿಕೊಂಡಳು. ನಿಮ್ಮ ತಮ್ಮ ನಾಲ್ಕನೇ ಬೆಂಚಿನಲ್ಲಿ ಇದ್ದಾನೆ.

ಕಾರವಾರ, ಕೋಡಿಬಾಗ:

ನೀರು ಬೇರೆ, ಗಡಿ ಬೇರೆ. ಎರಡನ್ನೂ ಒಂದೇ ದಿನ ಮಾತನಾಡಬೇಡಿ. ಮನಸ್ಸು ತಿಳಿಯಾದ ಮೇಲೆ ಗಡಿ ಅಳತೆ ಮಾಡಿಸಿ, ಬಾವಿಯ ಒಪ್ಪಂದವನ್ನೂ ಕಾಗದದಲ್ಲಿ ಬರೆದಿಡಿ. ಇಲ್ಲವಾದರೆ ಇದೇ ಜಗಳ ನಿಮ್ಮ ಮಕ್ಕಳ ಪಾಲಿಗೆ ಹೋಗುತ್ತದೆ. ಕ್ಷಮಿಸಿದವನು ಕಾಗದ ಮಾಡಬಾರದೆಂದು ಯಾವ ಧರ್ಮವೂ ಹೇಳಿಲ್ಲ.

ಶಿರಸಿ ಕಡೆಯ ಅಡಿಕೆ ಬೆಳೆಗಾರ:

ನಾನು ಕ್ರೈಸ್ತನಲ್ಲ, ಹವ್ಯಕ. ನಮ್ಮಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವುದೇ ಆಸರಿಗೆ, ಅಂದರೆ ಬಾಯಾರಿಕೆಗೆ, ಏನು ಬೇಕೆಂದು. ಹಾಗಾಗಿ ಗೇಟಿನೆದುರು ಚೆಲ್ಲಿದ ನೀರಿನ ಮಾತು ಓದಿ ಸುಮ್ಮನಿರಲಾಗಲಿಲ್ಲ. ಕ್ರೈಸ್ತ ಶಾಲೆಯಲ್ಲಿ ಓದಿದವನಾದ್ದರಿಂದ ಬಾವಿಕಟ್ಟೆಯ ಕಥೆಯೊಂದು ನೆನಪಿದೆ, ಯೊವಾನ್ನನ ಶುಭಸಂದೇಶದ್ದು. ಯೆಹೂದ್ಯರೂ ಸಮಾರ್ಯದವರೂ ಕೊಟ್ಟು ತೆಗೆದುಕೊಳ್ಳದ ಕಾಲ. ಯೇಸು ಬಾವಿಗೆ ಬಂದ ಸಮಾರ್ಯದ ಹೆಂಗಸಿಗೆ ಮೊದಲು ಏನನ್ನೂ ಕೊಡಲಿಲ್ಲ, ಕುಡಿಯಲು ನೀರು ಕೇಳಿದರು. ನೀವು ಕೊಡ ಕಳಿಸಿದಿರಿ, ಅವನಿಗೆ ಅದು ಭಿಕ್ಷೆಯಂತೆ ಕಂಡಿರಬಹುದು. ಕೊಡುವುದನ್ನು ಆಮೇಲೆ ನೋಡೋಣ, ಮೊದಲು ಕೇಳಿ. ಪಂಪ್ ನಿಜವಾಗಿಯೂ ಕೆಟ್ಟಿದೆಯಲ್ಲ?

ಅಘನಾಶಿನಿ ದಂಡೆಯವನು:

ಎಲ್ಲರಿಗೂ ಋಣಿ. ಶಿಕ್ಷಕಿಯವರ ಮಾತು ಎರಡು ದಿನ ನಿದ್ರೆ ಕೊಡಲಿಲ್ಲ.

ಶನಿವಾರ ಸಂಜೆ ಹೋದೆ. ಅವನು ಜಗಲಿಯಲ್ಲಿ ಮೋಟಾರಿನ ತಂತಿ ಸುತ್ತುತ್ತಿದ್ದ. ಅಮ್ಮನ ಏಳನೇ ದಿನ ನಾನು ಆಡಿದ ಮಾತು ತಪ್ಪು, ಕ್ಷಮಿಸು ಎಂದೆ. ತಲೆ ಎತ್ತಲಿಲ್ಲ. ಪಂಪ್ ನೀರು ಎತ್ತುತ್ತಿಲ್ಲ, ಬಂದು ನೋಡುತ್ತೀಯಾ ಎಂದೆ. ಅದಕ್ಕೂ ಉತ್ತರವಿಲ್ಲ. ಹಿಂದಿರುಗಿ ಅರ್ಧ ಗಂಟೆಯಾಗಿರಬಹುದು, ಸಾಮಾನಿನ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದ. ಫುಟ್‌ವಾಲ್ವ್ ಮೇಲೆತ್ತಿ, ಸವೆದ ವಾಷರನ್ನು ಬೆಳಕಿಗೆ ಹಿಡಿದು, "ಇದನ್ನು ಹಾಕಿದವನು ಯಾರು?" ಎಂದ. ಐದು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಕೆಲಸ ಮುಗಿಸಿ, ಬೇರೆಯವರಿಂದ ತೆಗೆದುಕೊಳ್ಳುವಂತೆಯೇ ನನ್ನಿಂದಲೂ ಮುನ್ನೂರು ರೂಪಾಯಿ ತೆಗೆದುಕೊಂಡ. ಹೋಗುವಾಗ ಬಾವಿಕಟ್ಟೆಯ ಮೇಲಿನ ಚೊಂಬಿನಿಂದ ನೀರು ಕುಡಿದ. ಮರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇಂದು ಬೆಳಿಗ್ಗೆಯೂ ಅವನ ಹೆಂಡತಿ ಕ್ಯಾನ್ ಇಟ್ಟುಕೊಂಡು ಹೊರಟಿದ್ದಳು. ರಸ್ತೆಗೆ ಹೋಗಿ ನಿಲ್ಲಿಸಿ, ಬಾವಿಗೆ ಹೊಸ ಹಗ್ಗ ಹಾಕಿದ್ದೇನೆ, ನೀರಿಗೆ ಬಾ ಎಂದೆ. ಅವರನ್ನು ಕೇಳಿ ಹೇಳುತ್ತೇನೆ ಎಂದಳು.